ಸಂಶೋಧಕರ ಲೇಖನಗಳ ಲೆಕ್ಕ: ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕಾಖಂಡಕಿ, ಬಬಲೇಶ್ವರ ತಾಲ್ಲೂಕು: ಪ್ರತಿ ವರ್ಷ ಸೆಪ್ಟೆಂಬರ್ ಸುಮಾರಿಗೆ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಬರುತ್ತದೆ. ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ವಿಶ್ವದ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಗೆ ಸೇರಿದ್ದಾರೆ, ಅವರ ಲೇಖನಗಳು ಇಷ್ಟು, ಸೈಟೇಶನ್ ಇಷ್ಟು, ಎಚ್ ಇಂಡೆಕ್ಸ್ ಇಷ್ಟು ಎಂದು ಅದರಲ್ಲಿ ಇರುತ್ತದೆ. ಸಮಾಜದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಭಿನಂದನೆಗಳು ಹರಿದಾಡುತ್ತವೆ. ಸಾಧಕರನ್ನು ಅಭಿನಂದಿಸುವುದು ಒಳ್ಳೆಯದೇ. ಆದರೆ ಈ ಸಂಖ್ಯೆಗಳ ಅರ್ಥ ಗೊತ್ತಿರುವ ಮನೆಗಳು ಕಡಿಮೆ.

ಗೊತ್ತಿಲ್ಲದಿದ್ದರೆ ನಷ್ಟವೇನು ಎಂದು ಕೇಳಬಹುದು. ಕಾಖಂಡಕಿ, ತಿಕೋಟಾ, ಬಬಲೇಶ್ವರ ಕಡೆಯ ಮಕ್ಕಳು ವಿಜಯಪುರದಲ್ಲಿ ಪಿಯುಸಿ ವಿಜ್ಞಾನ ಓದಿ, ಮುಂದೆ ಜೀವವಿಜ್ಞಾನ, ಬಯೋಟೆಕ್ನಾಲಜಿ ಎಂದು ಧಾರವಾಡ, ಬೆಂಗಳೂರು, ಹೈದರಾಬಾದ್‌ಗೆ ಹೋಗುತ್ತಿದ್ದಾರೆ. ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಆರಿಸುವಾಗ ಇದೇ ಸಂಖ್ಯೆಗಳು ಎದುರಿಗೆ ಬರುತ್ತವೆ. ಬೇಗ ಲೇಖನ ಪ್ರಕಟಿಸಿಕೊಡುತ್ತೇವೆ, ಇಷ್ಟು ಸಾವಿರ ಕಟ್ಟಿ ಎನ್ನುವ ಇಮೇಲ್‌ಗಳೂ ಬರುತ್ತವೆ. ಸಮಾಜದ ಟ್ರಸ್ಟ್‌ಗಳು ವಿದ್ಯಾರ್ಥಿವೇತನಕ್ಕೋ ಪ್ರತಿಭಾ ಪುರಸ್ಕಾರಕ್ಕೋ ಹೆಸರು ಆರಿಸುವಾಗಲೂ ಅರ್ಜಿಯಲ್ಲಿ ಈ ಸಂಖ್ಯೆಗಳೇ ಇರುತ್ತವೆ. ಅಂದರೆ ಮಕ್ಕಳ ಐದಾರು ವರ್ಷದ ಆಯುಷ್ಯ, ಮನೆಯವರ ದುಡ್ಡು, ಸಮಾಜದ ದಾನದ ಹಣ, ಮೂರೂ ಈ ಲೆಕ್ಕದ ಮೇಲೆ ನಿಂತಿವೆ.

ಸೈಟೇಶನ್ ಎಂದರೇನು?

ಒಬ್ಬ ಸಂಶೋಧಕ ಲೇಖನ ಬರೆಯುವಾಗ ತನಗಿಂತ ಮೊದಲು ಆ ವಿಷಯದಲ್ಲಿ ಕೆಲಸ ಮಾಡಿದವರನ್ನು ಹೆಸರಿಸಬೇಕು. ಹಾಗೆ ಹೆಸರಿಸುವುದೇ ಸೈಟೇಶನ್, ಕನ್ನಡದಲ್ಲಿ ಉಲ್ಲೇಖ. ಒಂದು ಲೇಖನವನ್ನು ಬೇರೆ ನೂರು ಲೇಖನಗಳು ಹೆಸರಿಸಿದರೆ ಅದಕ್ಕೆ ನೂರು ಉಲ್ಲೇಖ ಬಂದಂತೆ.

ಈ ಪದ್ಧತಿ ಕನ್ನಡಕ್ಕೆ ಹೊಸದಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆದಾಗ, ತನಗೆ ಪ್ರಮಾಣವಾದ ಹಿಂದಿನ ಕವಿಗಳನ್ನು ಹೆಸರು ಹಿಡಿದು ಹೇಳಿದ್ದಾನೆ. ಅವರಲ್ಲಿ ಗಜಗ, ಗುಣನಂದಿ ಮುಂತಾದವರ ಕನ್ನಡ ಕೃತಿಗಳು ಇವತ್ತು ಸಿಗುವುದಿಲ್ಲ. ಆದರೂ ಅವರು ಇದ್ದರು, ಪಂಡಿತರು ಅವರನ್ನು ಒಪ್ಪಿದ್ದರು ಎಂದು ತಿಳಿಯುವುದಕ್ಕೆ ಕೇಶಿರಾಜನ ಉಲ್ಲೇಖ ನೆರವಾಗಿದೆ. ಉಲ್ಲೇಖದ ಮೂಲ ಉದ್ದೇಶ ಇದೇ: ಋಣ ಒಪ್ಪಿಕೊಳ್ಳುವುದು, ಮುಂದಿನವರಿಗೆ ದಾರಿ ತೋರಿಸುವುದು. ಎಣಿಸುವುದು ಆಮೇಲೆ ಬಂದ ಮಾತು.

ಎಣಿಕೆಗೆ ದಾರಿ ಮಾಡಿದವರು ಅಮೆರಿಕದ ಯೂಜಿನ್ ಗಾರ್ಫೀಲ್ಡ್. 1955ರಲ್ಲಿ ಅವರು ವಿಜ್ಞಾನ ಲೇಖನಗಳ ಉಲ್ಲೇಖಸೂಚಿ ಮಾಡಬಹುದೆಂದು ಬರೆದರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಬೇಕಾದ ಲೇಖನವನ್ನು ಹುಡುಕಲು ನೆರವಾಗಲಿ ಎನ್ನುವುದು ಮೊದಲ ಉದ್ದೇಶವಾಗಿತ್ತು. ಮುಂದೆ ಪತ್ರಿಕೆಗಳನ್ನು ಅಳೆಯಲು ಇಂಪ್ಯಾಕ್ಟ್ ಫ್ಯಾಕ್ಟರ್ ಬಂತು. ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಸರಾಸರಿಯೇ ಇದು. ಅಂದರೆ ಇದು ಪತ್ರಿಕೆಯ ಅಳತೆಯೇ ಹೊರತು ಲೇಖಕರ ಅಳತೆಯಲ್ಲ. ದೊಡ್ಡ ಅಂಗಡಿಯಲ್ಲಿ ಮಾರಿದ ಮಾತ್ರಕ್ಕೆ ಪ್ರತಿಯೊಂದು ಮಾಲೂ ಉತ್ತಮ ಎಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ.

ಎಚ್ ಇಂಡೆಕ್ಸ್ ಅನ್ನು 2005ರಲ್ಲಿ ಹೇಳಿಕೊಟ್ಟವರು ಜಾರ್ಜ್ ಹರ್ಷ್ ಎಂಬ ಭೌತವಿಜ್ಞಾನಿ. ಒಂದು ಉದಾಹರಣೆ ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಒಬ್ಬ ಸಂಶೋಧಕರ ಐದು ಲೇಖನಗಳಿಗೆ ಕ್ರಮವಾಗಿ 40, 12, 5, 4, 1 ಉಲ್ಲೇಖ ಬಂದಿವೆ ಎಂದುಕೊಳ್ಳಿ. ಕನಿಷ್ಠ 4 ಉಲ್ಲೇಖ ಪಡೆದ ಲೇಖನಗಳು 4 ಇವೆ. ಹಾಗಾಗಿ ಅವರ ಎಚ್ ಇಂಡೆಕ್ಸ್ 4. ಇನ್ನೊಬ್ಬರ ಒಂದು ಲೇಖನಕ್ಕೆ 1,000 ಉಲ್ಲೇಖ ಬಂದು, ಉಳಿದ ನಾಲ್ಕಕ್ಕೆ ಒಂದೊಂದೇ ಬಂದಿದ್ದರೆ ಅವರ ಎಚ್ ಇಂಡೆಕ್ಸ್ ಕೇವಲ 1. ಇವರಲ್ಲಿ ಯಾರ ಕೆಲಸ ದೊಡ್ಡದು? ಬರಿ ಎಚ್ ಇಂಡೆಕ್ಸ್ ನೋಡಿದವರು ತಪ್ಪು ಉತ್ತರ ಹೇಳುವ ಸಾಧ್ಯತೆಯೇ ಹೆಚ್ಚು.

ಬೆಂಗಳೂರಿನ ಒಂದು ದೊಡ್ಡ ಉದಾಹರಣೆ

ಇದನ್ನು ಅರ್ಥ ಮಾಡಿಕೊಳ್ಳಲು ಜಿ. ಎನ್. ರಾಮಚಂದ್ರನ್ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1922ರಲ್ಲಿ ಎರ್ನಾಕುಳಂನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಸರ್ ಸಿ. ವಿ. ರಾಮನ್ ಅವರನ್ನು ಭೌತವಿಜ್ಞಾನಕ್ಕೆ ಸೇರಿಸಿಕೊಂಡರು. ಆಮೇಲೆ ಕೇಂಬ್ರಿಜ್‌ನಲ್ಲಿ ಓದಿ ಬಂದು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಚರ್ಮ, ಎಲುಬು, ಸ್ನಾಯುಬಂಧಗಳಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆ ಹೆಣೆದ ಹಗ್ಗದಂತಿದೆ ಎಂದು 1954ರಲ್ಲಿ ಗೋಪಿನಾಥ್ ಕರ್ತಾ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. 1971ರಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಜೀವಕೋಶದ ಅಣುಗಳ ಅಧ್ಯಯನಕ್ಕೆ ದೇಶದಲ್ಲಿ ಹೆಸರಾದ ವಿಭಾಗ ಅದು.

ಅವರ ಹೆಸರು ಉಳಿದಿರುವುದು ಮುಖ್ಯವಾಗಿ 1963ರ ಒಂದು ಸಣ್ಣ ಲೇಖನದಿಂದ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 'ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ'ಯಲ್ಲಿ ಬರೆದ ಆ ಲೇಖನ ಐದೇ ಪುಟದ್ದು. ಪ್ರೋಟೀನು ಎಂದರೆ ಕೊಂಡಿಗೆ ಕೊಂಡಿ ಜೋಡಿಸಿದ ಸರಪಳಿ. ಪ್ರತಿ ಕೊಂಡಿಯಲ್ಲಿ ಎರಡು ಕಡೆ ತಿರುವು ಸಾಧ್ಯ. ಯಾವ ತಿರುವಿನಲ್ಲಿ ಅಣುಗಳು ಒಂದಕ್ಕೊಂದು ತಾಗದೆ ನಿಲ್ಲುತ್ತವೆ, ಯಾವುದರಲ್ಲಿ ಡಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕಿ ಅವರು ಒಂದು ನಕ್ಷೆ ಬರೆದರು. ಇದೇ 'ರಾಮಚಂದ್ರನ್ ಪ್ಲಾಟ್'. ಈಗಿನಂತೆ ಕಂಪ್ಯೂಟರ್ ಕೈಗೆ ಸಿಗದ ಆ ಕಾಲದಲ್ಲಿ ಕೈಯಿಂದ ನಡೆಸುವ ಲೆಕ್ಕದ ಯಂತ್ರದಲ್ಲಿ ಮಾಡಿದ ಕೆಲಸ ಅದು.

ಇವತ್ತು ಜಗತ್ತಿನ ಯಾವುದೇ ಪ್ರಯೋಗಾಲಯ ಪ್ರೋಟೀನಿನ ಹೊಸ ರಚನೆ ಕಂಡುಹಿಡಿದರೂ, ಅದು ಸರಿಯಾಗಿದೆಯೇ ಎಂದು ರಾಮಚಂದ್ರನ್ ಪ್ಲಾಟ್‌ಗೆ ಹಿಡಿದು ನೋಡುತ್ತದೆ. ಪ್ರೋಟೀನ್ ರಚನೆಗಳ ಜಾಗತಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ ತನ್ನ ಪರೀಕ್ಷಾ ವರದಿಯಲ್ಲಿ ಈ ನಕ್ಷೆಗೆ ಹೊಂದದ ಭಾಗಗಳೆಷ್ಟು ಎಂದು ತೋರಿಸುತ್ತದೆ. ಪದವಿ ತರಗತಿಯ ಪಠ್ಯಪುಸ್ತಕಗಳಲ್ಲಿ ಇದೊಂದು ಪಾಠ.

ಉಲ್ಲೇಖದ ಲೆಕ್ಕದಲ್ಲಿ ವಿಚಿತ್ರ ಕಾಣುವುದು ಇಲ್ಲೇ. ರಾಮಚಂದ್ರನ್ ಪ್ಲಾಟ್ ಬಳಸುವ ಅಸಂಖ್ಯ ಲೇಖನಗಳು ಹೆಸರನ್ನಷ್ಟೇ ಬರೆದು ಮುಂದೆ ಹೋಗುತ್ತವೆ, 1963ರ ಮೂಲ ಲೇಖನವನ್ನು ಆಕರಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಗೆ ಆಕರ ಏಕೆ ಎಂಬ ಭಾವನೆ. ಕೆಲಸ ಅಷ್ಟು ಆಳವಾಗಿ ಬೇರುಬಿಟ್ಟ ಮೇಲೆ ಅದರ ಎಣಿಕೆ ನಿಂತುಹೋಗುತ್ತದೆ. ಇಂಥ ಸ್ಥಿತಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಗುರುತಿಸಿದ್ದರು. ಕಾಖಂಡಕಿಯವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಈ ಊರಿನ ಮಹಿಪತಿದಾಸರ ಪದಗಳನ್ನು ಭಜನೆಯಲ್ಲಿ ಹಾಡುವವರು ಎಷ್ಟು ಸಲ ಹಾಡಿದೆವೆಂದು ಎಲ್ಲೂ ಬರೆದಿಡುವುದಿಲ್ಲ. ಪದ ಉಳಿದಿದೆ, ಲೆಕ್ಕ ಇಲ್ಲ.

ರಾಮಚಂದ್ರನ್ ಅವರದೇ ಇನ್ನೊಂದು ಲೇಖನ 1971ರದ್ದು. ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಬರೆದ ಇದು ಎಕ್ಸ್‌ರೇ ಚಿತ್ರಗಳಿಂದ ವಸ್ತುವಿನ ಒಳಗಿನ ರೂಪವನ್ನು ಲೆಕ್ಕ ಹಾಕಿ ಕಟ್ಟುವ ವಿಧಾನ. ಈ ಬಗೆಯ ಲೆಕ್ಕ ಮುಂದೆ ಸಿಟಿ ಸ್ಕ್ಯಾನ್ ಯಂತ್ರಗಳಲ್ಲಿ ಬಳಕೆಗೆ ಬಂತು. ಸಿಟಿ ಸ್ಕ್ಯಾನ್‌ಗಾಗಿ 1979ರಲ್ಲಿ ನೊಬೆಲ್ ಪಡೆದವರು ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್. ವಿಜಯಪುರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಳ್ಳುವ ರೋಗಿಗೆ ಬೆಂಗಳೂರಿನ ಈ ವಿಜ್ಞಾನಿಯ ಹೆಸರು ಗೊತ್ತಿರುವುದಿಲ್ಲ. ಅವರಿಗೆ ನೊಬೆಲ್ ಬರಲಿಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು, 2001ರಲ್ಲಿ ತೀರಿಕೊಂಡರು.

ಎಣಿಕೆಯಲ್ಲಿ ಮೇಲಿರುವುದೆಲ್ಲ ದೊಡ್ಡದೇ?

ಇದರ ಇನ್ನೊಂದು ಮಗ್ಗುಲೂ ಇದೆ. 2014ರಲ್ಲಿ 'ನೇಚರ್' ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ 100 ಲೇಖನಗಳ ಪಟ್ಟಿ ಪ್ರಕಟಿಸಿತು. ಮೊದಲ ಸ್ಥಾನ 1951ರ ಆಲಿವರ್ ಲೌರಿ ಅವರ ಲೇಖನಕ್ಕೆ, ಉಲ್ಲೇಖಗಳು 3 ಲಕ್ಷಕ್ಕೂ ಹೆಚ್ಚು. ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ಒಂದು ವಿಧಾನ ಅದು. ಬಹಳ ಉಪಯುಕ್ತ ಕೆಲಸ, ಅನುಮಾನವಿಲ್ಲ. ಆದರೆ ಡಿಎನ್‌ಎ ರಚನೆಯನ್ನು ಜಗತ್ತಿಗೆ ತೋರಿಸಿದ 1953ರ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನ ಆ ನೂರರಲ್ಲಿ ಇಲ್ಲವೇ ಇಲ್ಲ. ದಿನವೂ ಬಳಸುವ ಸಲಕರಣೆಗೆ ಉಲ್ಲೇಖ ಹೆಚ್ಚು, ತಿಳಿವಳಿಕೆಯನ್ನೇ ಬದಲಿಸಿದ ವಿಚಾರಕ್ಕೆ ಕಡಿಮೆ.

ಇನ್ನು 'ಶೇ 2'ರ ಪಟ್ಟಿ. ಇದನ್ನು 2019ರಿಂದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಅಯೋನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ಎಂಬ ಮಾಹಿತಿಕೋಶದ ಆಧಾರದಲ್ಲಿ ತಯಾರಿಸುತ್ತಿದ್ದಾರೆ. ಉಲ್ಲೇಖದ ಆರು ಬಗೆಯ ಲೆಕ್ಕ ಕೂಡಿಸಿ ಒಂದು ಅಂಕ ಕೊಡುತ್ತಾರೆ. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟು ಮಾಡಿದ ಲೆಕ್ಕವೂ ಅದರಲ್ಲಿದೆ. ಇದು ಯಾರೋ ಕರೆದು ಕೊಟ್ಟ ಪ್ರಶಸ್ತಿಯಲ್ಲ, ಲೆಕ್ಕದಿಂದ ಹೊರಬಂದ ಪಟ್ಟಿ. ಅದರಲ್ಲೂ ಎರಡು ಬಗೆಯಿದೆ: ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಸುದ್ದಿಯಲ್ಲಿ ಯಾವುದೆಂದು ಹೇಳದಿದ್ದರೆ ಕೇಳಿ ತಿಳಿಯಬೇಕು.

ಹೆಸರಿನ ಗೊಂದಲ

ಕರ್ನಾಟಕದ ಮನೆಗಳಿಗೆ ಇನ್ನೊಂದು ತೊಂದರೆಯಿದೆ. ವಿಜಯಪುರ ಜಿಲ್ಲೆಯಲ್ಲಿ ಪಾಟೀಲ, ಬಿರಾದಾರ ಎಂಬ ಅಡ್ಡಹೆಸರಿನವರು ಎಷ್ಟು ಜನ! ಉತ್ತರ ಭಾರತವನ್ನೂ ಸೇರಿಸಿದರೆ ಜೈನ್ ಎಂಬ ಅಡ್ಡಹೆಸರಿನವರು ಲೆಕ್ಕವಿಲ್ಲ. ಲೇಖನದಲ್ಲಿ ಇನಿಶಿಯಲ್ ಮತ್ತು ಅಡ್ಡಹೆಸರು ಮಾತ್ರ ಇದ್ದರೆ, ಒಬ್ಬರ ಲೇಖನ ಇನ್ನೊಬ್ಬರ ಖಾತೆಗೆ ಬೀಳುತ್ತದೆ. ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಿದ ಹೆಣ್ಣುಮಕ್ಕಳ ಮೊದಲ ಲೇಖನಗಳು ಅವರ ಖಾತೆಯಿಂದ ತಪ್ಪಿಹೋಗುತ್ತವೆ. ಇದಕ್ಕೆ 2012ರಿಂದ ಆರ್ಕಿಡ್ ಎಂಬ ವ್ಯವಸ್ಥೆ ಇದೆ. ಪ್ರತಿ ಸಂಶೋಧಕರಿಗೆ 16 ಅಂಕಿಯ ಗುರುತಿನ ಸಂಖ್ಯೆ ಸಿಗುತ್ತದೆ, ಶುಲ್ಕವಿಲ್ಲ. ಮಗ ಅಥವಾ ಮಗಳು ಮೊದಲ ಲೇಖನ ಕಳುಹಿಸುವ ಮುನ್ನವೇ ಇದನ್ನು ಮಾಡಿಸಿಕೊಂಡು, ಹೆಸರಿನ ಅಕ್ಷರ ಕೊನೆಯವರೆಗೂ ಒಂದೇ ರೀತಿ ಬರೆಯುವುದು ಒಳ್ಳೆಯದು.

ಒಂದೇ ವ್ಯಕ್ತಿಯ ಲೆಕ್ಕ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು, ವೆಬ್ ಆಫ್ ಸೈನ್ಸ್‌ನಲ್ಲಿ ಮತ್ತೊಂದು ಬರುತ್ತದೆ. ಒಂದೊಂದೂ ಬೇರೆ ಬೇರೆ ಪತ್ರಿಕೆಗಳನ್ನು ಎಣಿಸುವುದರಿಂದ ಹೀಗಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಒಬ್ಬರದು ಅಲ್ಲಿಯದು, ಇನ್ನೊಬ್ಬರದು ಇಲ್ಲಿಯದು ಹಿಡಿದು ಹೋಲಿಸಬಾರದು.

ದುಡ್ಡು ಕೊಟ್ಟರೆ ಅಚ್ಚಾಗುವ ಪತ್ರಿಕೆಗಳು

ಸಂಖ್ಯೆಗೆ ಬೆಲೆ ಬಂದ ಕೂಡಲೇ ಸಂಖ್ಯೆ ಮಾರುವವರು ಹುಟ್ಟಿಕೊಂಡರು. ಪರಿಶೀಲನೆಯನ್ನೇ ಮಾಡದೆ ಹಣ ಪಡೆದು ಅಚ್ಚು ಹಾಕುವ ಪತ್ರಿಕೆಗಳು ಸಾವಿರಾರು. ಯುಜಿಸಿ 2018ರ ಮೇ ತಿಂಗಳಲ್ಲಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು. ಆಮೇಲೆ ಯುಜಿಸಿ ಕೇರ್ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ಪತ್ರಿಕೆಯ ಗುಣಮಟ್ಟ ನೋಡುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ತೆಗೆದಿದೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ಹಾಗಾಗಿ 'ಲೇಖನ ಇಲ್ಲದೆ ಡಿಗ್ರಿ ಇಲ್ಲ, ಬೇಗ ಹಣ ಕಟ್ಟಿ' ಎಂದು ಯಾರಾದರೂ ಹೆದರಿಸಿದರೆ ಮೊದಲು ವಿಶ್ವವಿದ್ಯಾಲಯದ ನಿಯಮವನ್ನು ಬರಹದಲ್ಲಿ ನೋಡಬೇಕು.

ಹಣ ಕೇಳಿದ ಪತ್ರಿಕೆಯೆಲ್ಲ ಮೋಸದ್ದಲ್ಲ. ಎಲ್ಲರೂ ಉಚಿತವಾಗಿ ಓದಲಿ ಎಂದು ಲೇಖಕರಿಂದ ಶುಲ್ಕ ಪಡೆಯುವ ಒಳ್ಳೆಯ ಪತ್ರಿಕೆಗಳೂ ಇವೆ. ಅಲ್ಲಿ ಪರಿಶೀಲಕರು ಲೇಖನವನ್ನು ತಿದ್ದಲು ಹೇಳುತ್ತಾರೆ, ತಿಂಗಳುಗಟ್ಟಲೆ ಹಿಡಿಯುತ್ತದೆ, ತಿರಸ್ಕಾರವೂ ಆಗುತ್ತದೆ. ನಾಲ್ಕು ದಿನದಲ್ಲಿ ಒಪ್ಪಿಗೆ ಬಂದು, ಐದನೇ ದಿನ ಬ್ಯಾಂಕ್ ಖಾತೆ ಸಂಖ್ಯೆ ಬಂದರೆ ಅನುಮಾನ ಪಡಬೇಕು.

ತಪ್ಪು ಅಥವಾ ಮೋಸ ಕಂಡಾಗ ಪತ್ರಿಕೆಗಳು ಲೇಖನವನ್ನು ಹಿಂಪಡೆಯುತ್ತವೆ. ದೇಶದ ಸಂಸ್ಥೆಗಳಿಗೆ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್ 2025ರಿಂದ ಹಿಂಪಡೆದ ಲೇಖನಗಳಿಗೆ ಅಂಕ ಕಡಿತ ಮಾಡುತ್ತಿದೆ. ಎಣಿಕೆ ಹೆಚ್ಚಿಸಿಕೊಂಡರೆ ಲಾಭ ಮಾತ್ರ ಎಂಬ ಕಾಲ ಮುಗಿಯುತ್ತಾ ಬಂದಿದೆ.

ಮಾಲು ನೋಡಿ ದರ ಕಟ್ಟಬೇಕು

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣದ್ರಾಕ್ಷಿ ಎಷ್ಟು ತೂಗುತ್ತದೆ ಎಂದು ತಕ್ಕಡಿ ಹೇಳುತ್ತದೆ. ದರ ಮಾತ್ರ ಮಾದರಿ ಕೈಗೆ ತೆಗೆದುಕೊಂಡು, ಬಣ್ಣ, ಗಾತ್ರ, ರುಚಿ ನೋಡಿದ ಮೇಲೆಯೇ ಆಗುತ್ತದೆ. ಲೇಖನಗಳ ಸಂಖ್ಯೆ, ಉಲ್ಲೇಖ, ಎಚ್ ಇಂಡೆಕ್ಸ್ ಎಲ್ಲವೂ ತಕ್ಕಡಿಯ ಕಡೆಯವು. ತಕ್ಕಡಿ ಬೇಡ ಎನ್ನಲಾಗದು, ಆದರೆ ತಕ್ಕಡಿಯೊಂದೇ ಸಾಲದು.

ವಿಜ್ಞಾನಿಗಳೇ ಇದನ್ನು ಒಪ್ಪಿದ್ದಾರೆ. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ಜೀವಕೋಶ ವಿಜ್ಞಾನಿಗಳು ಮತ್ತು ಪತ್ರಿಕೆಗಳ ಸಂಪಾದಕರು ಡೋರಾ ಎಂಬ ಘೋಷಣೆಗೆ ನಾಂದಿ ಹಾಡಿದರು, ಅದು 2013ರಲ್ಲಿ ಪ್ರಕಟವಾಯಿತು. ನೇಮಕ, ಬಡ್ತಿ, ಅನುದಾನ ಕೊಡುವಾಗ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಬೇಡಿ, ಕೆಲಸವನ್ನೇ ನೋಡಿ ಎನ್ನುವುದು ಅದರ ಸಾರ.

ಹಾಗಾದರೆ ವಿಜ್ಞಾನ ಓದದ ತಂದೆತಾಯಿ, ಟ್ರಸ್ಟಿಗಳು ಏನು ಮಾಡಬಹುದು? ಐದು ಪ್ರಶ್ನೆ ಕೇಳಿದರೆ ಸಾಕು.

ಒಂದು: ನಿಮ್ಮ ಅತ್ಯುತ್ತಮ ಮೂರು ಲೇಖನ ಯಾವುವು, ಅವುಗಳಿಂದ ಏನು ಹೊಸದು ತಿಳಿಯಿತು? ಕನ್ನಡದಲ್ಲಿ ಹತ್ತು ಸಾಲಿನಲ್ಲಿ ಬರೆದುಕೊಡಿ ಎನ್ನಬಹುದು. ಕೆಲಸ ಮಾಡಿದವರಿಗೆ ಇದು ಕಷ್ಟವಲ್ಲ.

ಎರಡು: ಆ ಲೇಖನದಲ್ಲಿ ನಿಮ್ಮ ಪಾಲೆಷ್ಟು? ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಐವತ್ತು ಜನರ ಲೇಖನದಲ್ಲಿ ನಡುವಿನ ಹೆಸರಿಗೂ ಪೂರ್ತಿ ಉಲ್ಲೇಖ ಲೆಕ್ಕಕ್ಕೆ ಬರುತ್ತದೆ. ಪಾಲುದಾರರೆಲ್ಲ ಇಡೀ ಅಂಗಡಿಯ ವಹಿವಾಟನ್ನು ತಮ್ಮ ತಮ್ಮ ಹೆಸರಿಗೆ ಬರೆದುಕೊಂಡಂತೆ ಇದು.

ಮೂರು: ಬೇರೆಯವರು ಆ ಫಲಿತಾಂಶವನ್ನು ಬಳಸಿದ್ದಾರೆಯೇ? ತಮ್ಮ ಗುಂಪಿನವರೇ ಒಬ್ಬರನ್ನೊಬ್ಬರು ಉಲ್ಲೇಖಿಸಿದ್ದಕ್ಕಿಂತ ಹೊರಗಿನವರ ಬಳಕೆಗೆ ಬೆಲೆ ಹೆಚ್ಚು.

ನಾಲ್ಕು: ಹಿಂಪಡೆದ ಲೇಖನ ಇದೆಯೇ? ಪಬ್‌ಮೆಡ್‌ನಲ್ಲಿ ಲೇಖನದ ಹೆಸರು ಹಾಕಿದರೆ ಹಿಂಪಡೆದಿದ್ದನ್ನು ಗುರುತು ಮಾಡಿ ತೋರಿಸುತ್ತದೆ, ಶುಲ್ಕವಿಲ್ಲ. ಪ್ರಾಮಾಣಿಕ ತಪ್ಪನ್ನು ತಾವೇ ಒಪ್ಪಿ ಹಿಂಪಡೆದವರೂ ಇದ್ದಾರೆ. ಹಾಗಾಗಿ ಕಾರಣ ಓದದೆ ತೀರ್ಮಾನಕ್ಕೆ ಬರಬಾರದು.

ಐದು, ಪಿಎಚ್‌ಡಿ ಮಾರ್ಗದರ್ಶಕರ ಬಗ್ಗೆ ಮಾತ್ರ: ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಬಹಳಷ್ಟು ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿ ಸಿಗುತ್ತವೆ. ಆ ವಿದ್ಯಾರ್ಥಿಗಳಿಗೆ ಒಂದು ಫೋನ್ ಮಾಡಿದರೆ ಎಚ್ ಇಂಡೆಕ್ಸ್ ಹೇಳದ ಸಂಗತಿಗಳು ತಿಳಿಯುತ್ತವೆ.

ಹಣದ ವಿಷಯದಲ್ಲೂ ಒಂದು ಮಾತು. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಸುಮಾರು 13,000 ಪತ್ರಿಕೆಗಳನ್ನು ಓದಬಹುದು. ಹಳ್ಳಿಯಿಂದ ಬಂದ ಹುಡುಗಿಗೂ ಈಗ ದೊಡ್ಡ ಪತ್ರಿಕೆಗಳು ಓದಲು ಸಿಗುತ್ತವೆ. ಪ್ರಕಟಣೆಯ ಸಂಖ್ಯೆ ಬೆಳೆಸಲು ಮನೆಯ ಬಂಗಾರ ಅಡವಿಡುವ ಅಗತ್ಯ ಯಾರಿಗೂ ಇಲ್ಲ.

ಸಮಾಜದ ಟ್ರಸ್ಟ್‌ಗಳು ಮುಂದಿನ ಸಲ ಅರ್ಜಿ ನಮೂನೆ ಅಚ್ಚು ಹಾಕಿಸುವಾಗ 'ಒಟ್ಟು ಲೇಖನಗಳ ಸಂಖ್ಯೆ' ಎಂಬ ಸಾಲಿನ ಕೆಳಗೆ 'ಅತ್ಯುತ್ತಮ ಲೇಖನ ಮತ್ತು ಅದರಿಂದ ತಿಳಿದ ಹೊಸ ಸಂಗತಿ' ಎಂಬ ಇನ್ನೊಂದು ಸಾಲು ಸೇರಿಸಿದರೆ ಖರ್ಚೇನೂ ಇಲ್ಲ. ಐದು ಪುಟದ ಒಂದೇ ಲೇಖನ ಅರವತ್ತು ವರ್ಷ ಕಳೆದರೂ ಜಗತ್ತಿನ ಪ್ರಯೋಗಾಲಯಗಳಲ್ಲಿ ದಿನವೂ ಬಳಕೆಯಲ್ಲಿರುವುದನ್ನು ನೋಡಿದರೆ, ಆ ಎರಡನೇ ಸಾಲಿನ ಮಹತ್ವ ತಿಳಿಯುತ್ತದೆ.